ತಪ್ಪೊಪ್ಪಿಗೆಗೆ ಸರ್ಕಾರದ ತಕರಾರು

ಈ ಜೂನ್‌ನಲ್ಲಿ ಮೊದಲ ಮಳೆ ಬಿದ್ದ ಬೆಳಿಗ್ಗೆ ಮುಂಬಯಿಯ ಬೊರಿವಲಿಯಲ್ಲಿ ಲೋಕಲ್ ರೈಲು ಹತ್ತಿದೆ. ಲೇಡೀಸ್ ಡಬ್ಬಿಯಲ್ಲಿ ನನಗೆ ಒತ್ತಿಕೊಂಡು ನಿಂತವಳು ಯಾರೋ ಹೊಸ ವಕೀಲೆ. ತೋಳಿನ ಮೇಲೆ ಹಾಕಿಕೊಂಡಿದ್ದ ಕರಿ ಕೋಟು ಪೂರ್ತಿ ತೊಯ್ದಿತ್ತು. ಅದರಿಂದ ಡಾಂಬರು ಗುಳಿಗೆಯೂ ಮಳೆನೀರೂ ಕೂಡಿದ ಒಂದು ವಾಸನೆ ಬರುತ್ತಿತ್ತು. ಪಕ್ಕದವರು ಮೂಗು ಮುರಿದರು. ನನಗೆ ಮಾತ್ರ ಹಿಗ್ಗಾಯಿತು. ಸರ್ಕಾರಿ ವಕೀಲೆಯಾಗಿ ನಾನು ಕಳೆದ ಮೊದಲ ಮಳೆಗಾಲವೆಲ್ಲ ಇದೇ ವಾಸನೆಯದು. ಮಲಾಡ್ ಬರುವಷ್ಟರಲ್ಲಿ ಆ ಮಳೆಗಾಲದ ಎಲ್ಲರೂ ಒಬ್ಬೊಬ್ಬರಾಗಿ ಎದುರಿಗೆ ಬಂದು ನಿಂತರು.

ಉಪನಗರದ ಒಂದು ಮ್ಯಾಜಿಸ್ಟ್ರೇಟ್ ಕೋರ್ಟಿಗೆ ನನ್ನನ್ನು ಹಾಕಿದ್ದರು. ಯಾವ ಕೋರ್ಟು ಅಂತ ಹೇಳುವುದಿಲ್ಲ. ನನ್ನ ಜೊತೆ ಕೆಲಸ ಮಾಡಿದವರು ಇನ್ನೂ ಅಲ್ಲಿದ್ದಾರೆ. ನನಗೆ ಕೊಟ್ಟ ಕೋಣೆ ಎಂದರೆ ಎರಡು ಕಪಾಟುಗಳ ಹಿಂದಿನ ಜಾಗ. ಸೂರಿನಿಂದ ನೀರು ತೊಟ್ಟಿಕ್ಕುತ್ತಿತ್ತು, ಕೆಳಗೆ ಒಂದು ಬಕೆಟ್ಟು. ಆ ಬಕೆಟ್ಟು ತುಂಬುವ ಮುಂಚೆ ಫೈಲುಗಳನ್ನು ಓದಿ ಮುಗಿಸಬೇಕು ಎಂದು ನನ್ನಷ್ಟಕ್ಕೆ ನಾನೇ ಪಂದ್ಯ ಕಟ್ಟಿಕೊಳ್ಳುತ್ತಿದ್ದೆ. ಬಹಳ ಸಲ ಗೆದ್ದಿದ್ದೇನೆ.

ನನ್ನ ಕೆಲಸ ಏನು ಎಂಬುದು ಮನೆಯಲ್ಲಿ ಅವ್ವನಿಗೆ ಕೊನೆಯವರೆಗೂ ಅರ್ಥವಾಗಲಿಲ್ಲ. ಮದುವೆಯಾಗಿ ಧಾರವಾಡದಿಂದ ಬೊರಿವಲಿಗೆ ಬಂದವಳು, ನಾಲ್ಕು ದಶಕ ಇಲ್ಲಿದ್ದರೂ ನಾಲಿಗೆ ಧಾರವಾಡದ್ದೇ. ಸಂಜೆ ಚಪ್ಪಲಿ ಬಿಡುವ ಮೊದಲೇ ಕೇಳುವಳು:

"ಏನವಾ ಶೈಲಾ, ಇವತ್ತ ಯಾರನ್ನ ಒಳಗ ಹಾಕಿಸಿ ಬಂದಿ?"

"ಅವ್ವಾ, ಒಳಗ ಹಾಕಾವ್ರು ಜಡ್ಜ್ ಸಾಹೇಬ್ರು. ನಾ ಬರೇ ಇದ್ದದ್ದನ್ನ ಅವರ ಮುಂದ ಇಡಾಕಿ."

"ಇದ್ದದ್ದ ಹೇಳಾಕ ಇಷ್ಟ ಓದಬೇಕಾಗಿತ್ತೇನ?"

ನಗುತ್ತಿದ್ದೆ. ಆದರೆ ಅವಳ ಪ್ರಶ್ನೆ ಸಣ್ಣದಲ್ಲ ಅಂತ ಆ ವರ್ಷವೇ ಗೊತ್ತಾಯಿತು.

ಕೆಲಸವೇನೋ ಬೆಳಿಗ್ಗೆ ಹನ್ನೊಂದಕ್ಕೇ ಶುರು. ಹೊಸದಾಗಿ ಹಿಡಿದು ತಂದವರನ್ನು ನಿಲ್ಲಿಸುತ್ತಾರೆ. ಇನ್ನಷ್ಟು ದಿನ ಪೊಲೀಸರ ಹತ್ತಿರ ಇರಬೇಕೋ ಬೇಡವೋ, ಸರ್ಕಾರದ ಮಾತು ನಾನು ಹೇಳಬೇಕು. ಜಾಮೀನು ಕೇಳಿದವರಿಗೆ ಕೊಡಬಹುದೋ ಬಾರದೋ, ಅದಕ್ಕೂ ನಾನೇ. ಆಮೇಲೆ ಸಾಕ್ಷಿಗಳು. ಕಟಕಟೆ ಎಂದರೆ ಕೈಕಾಲು ನಡುಗುವ ಜನಕ್ಕೆ, ನೀವು ಕಂಡದ್ದನ್ನು ಮಾತ್ರ ಹೇಳಿ, ಕಾಣದ್ದಕ್ಕೆ ಗೊತ್ತಿಲ್ಲ ಅನ್ನಿ, ಎಂದು ಧೈರ್ಯ ತುಂಬಬೇಕು. ಸರ್ಕಾರಿ ವಕೀಲರೆಂದರೆ ಪೊಲೀಸರ ವಕೀಲರಲ್ಲ, ಕೇಸು ಗೆಲ್ಲಿಸುವುದು ಅವರ ಕೆಲಸವಲ್ಲ, ಸತ್ಯವನ್ನು ಕೋರ್ಟಿನ ಮುಂದಿಡುವುದು ಅವರ ಕೆಲಸ: ಇದನ್ನು ನಾನು ಪರೀಕ್ಷೆಗೆ ಬಾಯಿಪಾಠ ಮಾಡಿದ್ದೆ, ಸಂದರ್ಶನದಲ್ಲಿ ಗಟ್ಟಿಯಾಗಿ ಹೇಳಿ ಭೇಷ್ ಅನ್ನಿಸಿಕೊಂಡಿದ್ದೆ. ಹಾಗಂತ ಗೆಲ್ಲುವುದು ನನಗೆ ಬೇಡವಾಗಿತ್ತು ಎಂದಲ್ಲ. ಸುಳ್ಳು ಯಾಕೆ, ಗೆದ್ದ ದಿನ ರೈಲ್ವೆ ಸ್ಟೇಷನ್ ಮೆಟ್ಟಿಲನ್ನು ಎರಡೆರಡಾಗಿ ಹತ್ತುತ್ತಿದ್ದೆ.

ಜುಲೈ ನಡುವಿನ ಒಂದು ಬೆಳಿಗ್ಗೆ, ಠಾಣೆಯಿಂದ ಫೈಲು ತರುವ ಹವಾಲ್ದಾರ ಕದಮ್ ಒಂದು ತೆಳ್ಳನೆಯ ಫೈಲನ್ನು ಎಲ್ಲದರ ಮೇಲಿಟ್ಟು ನಕ್ಕ. "ಮ್ಯಾಡಮ್, ಏಕದಮ್ ಸೋಪಿ ಕೇಸ್. ಆರೋಪಿ ಗುನ್ಹಾ ಕಬೂಲ್ ಕರ್ತೋಯ್."

ಸುಲಭದ ಕೇಸು, ಆರೋಪಿ ತಪ್ಪು ಒಪ್ಪಿಕೊಳ್ಳುತ್ತಾನೆ ಎಂದು ಅರ್ಥ. ಫೈಲು ನನಗೆ ಗೊತ್ತಿದ್ದದ್ದೇ. ಮಲಾಡಿನಲ್ಲಿ ನಮ್ಮ ಕನ್ನಡದವರದೊಂದು ಹೋಟೆಲು. ಹಿಂದಿನ ವರ್ಷ ಜೂನ್‌ನಲ್ಲಿ ಅದರ ಅಡುಗೆಮನೆಯಲ್ಲಿ ಗ್ಯಾಸು ಸೋರಿ ಬೆಂಕಿ ಹತ್ತಿತ್ತು. ತರಕಾರಿ ಹೆಚ್ಚುತ್ತಿದ್ದ ಮಹಾದೇವಿ ಎಂಬ ಹೆಂಗಸಿನ ಬಲಗೈ, ಕುತ್ತಿಗೆ ಸುಟ್ಟಿದ್ದವು. ಒಲೆಯ ಮುಂದಿದ್ದವನು ಗ್ಯಾಸು ಸರಿಯಾಗಿ ಮುಚ್ಚಲಿಲ್ಲ ಎಂದು ಅವಳು ಆಸ್ಪತ್ರೆಯಲ್ಲಿ ಹೇಳಿಕೆ ಕೊಟ್ಟಿದ್ದಳು. ಒಲೆಯ ಮುಂದಿದ್ದವನು ಯಾರು? ಪೊಲೀಸರು ಹೋಟೆಲಿನ ಹಾಜರಿ ಪುಸ್ತಕ ತೆಗೆದು ನೋಡಿದ್ದರು. ಮುಖ್ಯ ಅಡುಗೆಯವನು ಸದಾನಂದ, ಕುಂದಾಪುರದ ಕಡೆಯವನು. ಆ ದಿನ ಹಾಜರು. ಅವನೇ ಆರೋಪಿ. ಆ ಹಾಳೆಯ ನಕಲು ಫೈಲಿನಲ್ಲಿತ್ತು. ನಾನೇ ಅದರ ಮೇಲೆ ಕೆಂಪು ಪೆನ್ಸಿಲಿನಲ್ಲಿ ಗೆರೆ ಎಳೆದು, ಪಕ್ಕದಲ್ಲಿ 'ಬಲವಾದ ಪುರಾವೆ' ಎಂದು ಬರೆದಿಟ್ಟಿದ್ದೆ.

ಆ ದಿನ ಆರೋಪ ಓದಿ ಹೇಳುವ ದಿನ. ಮ್ಯಾಜಿಸ್ಟ್ರೇಟರು ಆರೋಪ ಓದಿ, ಒಪ್ಪಿಗೆಯೇ ಎಂದು ಕೇಳುತ್ತಾರೆ. ಇಲ್ಲ ಅಂದರೆ ಸಾಕ್ಷಿ, ವಿಚಾರಣೆ, ವರ್ಷಗಟ್ಟಲೆ ಓಡಾಟ. ಹೌದು ಅಂದರೆ ಅಲ್ಲಿಗೆ ಮುಗಿಯಿತು, ಶಿಕ್ಷೆ ಎಷ್ಟು ಎಂಬುದಷ್ಟೇ ಉಳಿಯುತ್ತದೆ. ಐದು ನಿಮಿಷದಲ್ಲಿ ನನ್ನ ಲೆಕ್ಕಕ್ಕೆ ಒಂದು ಗೆಲುವು. ಕದಮನಿಗೆ ನಾನೇ ಚಹ ತರಿಸಿಕೊಟ್ಟೆ.

ಚಹ ಇನ್ನೂ ಬಿಸಿ ಇರುವಾಗಲೇ ಕಪಾಟಿನ ಪಕ್ಕದಿಂದ ಒಬ್ಬ ಹೆಂಗಸು ಇಣುಕಿದಳು. ಇಳಕಲ್ ಸೀರೆ, ಬಲಗೈಯ ಬೆರಳು ಒಳಕ್ಕೆ ಮಡಚಿಕೊಂಡು ಗಟ್ಟಿಯಾಗಿದ್ದವು. ಹೆಸರು ಕೇಳಬೇಕಾಗಲಿಲ್ಲ. ಅವಳನ್ನು ಆ ದಿನ ಯಾರೂ ಕರೆಸಿರಲಿಲ್ಲ; ಕೇಸು ಇವತ್ತೇ ಮುಗಿಯುತ್ತದಂತೆ ಎಂದು ಅವಳಿದ್ದ ಚಾಳಿನಲ್ಲಿ ಯಾರೋ ಹೇಳಿದ್ದು ಕೇಳಿ ಬಂದಿದ್ದಳು.

ಕನ್ನಡದಲ್ಲಿ ಬನ್ನಿ ಎಂದೆ. ಅವಳ ಮುಖ ಅರಳಿತು.

"ನೀವ ಏನ್ರೀ ನನ್ನ ಕಡಿ ವಕೀಲ್ರು?"

"ಹೂಂರಿ, ನಾನ. ಕೂಡ್ರಿ."

"ಕೂಡಂಗಿಲ್ಲರೀ. ಆ ಒಲಿ ಮುಂದಿನ ಮನಷ್ಯಾ ಬಂದಾನೇನ್ರಿ? ಅವನ್ನ ಒಂದ ಸಲ ನೋಡಬೇಕ ಅಂತ ಬಂದೀನಿ. ಬೈಯಂಗಿಲ್ಲ, ಏನಿಲ್ಲ. ಬರೇ ನೋಡಾಕಿ."

ಬಾಗಿಲ ಸಂದಿಯಿಂದ ಕಾರಿಡಾರಿನ ಬೆಂಚು ತೋರಿಸಿದೆ. ಸದಾನಂದ ಕೂತಿದ್ದ. ಐವತ್ತರ ಹತ್ತಿರದ ಮನುಷ್ಯ, ಇಸ್ತ್ರಿ ಮಾಡಿದ ಬಿಳಿ ಅಂಗಿ, ತೊಡೆಯ ಮೇಲೆ ಒಂದು ಬಟ್ಟೆಚೀಲ.

ಮಹಾದೇವಿ ಒಂದು ಸಲ ನೋಡಿದಳು. ಆಮೇಲೆ ನನ್ನನ್ನು ನೋಡಿದಳು.

"ಇವರಾ? ಅಯ್ಯ, ಇವರಲ್ಲರೀ ಬಾಯಿ! ಇವರು ಸದಾನಂದಣ್ಣ. ನಾ ಕೆಲಸಕ್ಕ ಸೇರಿದ ಮ್ಯಾಲ ಐದ ದಿವಸ ಇದ್ರು, ಆಮ್ಯಾಲ ಊರಿಗಿ ಹ್ವಾದ್ರು. ಬೆಂಕಿ ಹತ್ತಿದಾಗ ಒಲಿ ಮುಂದ ಇದ್ದಾಂವ ಬ್ಯಾರೆ. ಬದಲಿ ಬಂದಾಂವ, ಬಂದು ಮೂರ ದಿವಸ ಆಗಿತ್ತು. ಅವನ ಹೆಸರ ನನಗ ಗೊತ್ತಿಲ್ಲ."

"ಪೊಲೀಸರಿಗೆ ಹೇಳಲಿಲ್ಲೇನ್ರಿ ಇದನ್ನ?"

"ಅವರು ಕೇಳಲಿಲ್ಲರೀ. ಹ್ಯಾಂಗಾತು ಅಂದ್ರು, ಹೇಳಿದೆ. ಯಾರು ಅಂತ ಯಾರೂ ಕೇಳಲಿಲ್ಲ."

ನನ್ನ ತಲೆಗೆ ಯಾರೋ ಮೊಟಕಿದ ಹಾಗಾಯಿತು. ಮುಂಬಯಿಯಲ್ಲಿ ಹುಟ್ಟಿ ಬೆಳೆದವಳು ನಾನು, ಬದಲಿ ಗೊತ್ತಿಲ್ಲದೆ ಏನು? ಹೋಟೆಲಿನ ಕೆಲಸದವನು ಊರಿಗೆ ಹೋಗುವಾಗ ತನ್ನ ಜಾಗಕ್ಕೆ ನಂಬಿಕೆಯವನೊಬ್ಬನನ್ನು ನಿಲ್ಲಿಸಿ ಹೋಗುತ್ತಾನೆ. ಪುಸ್ತಕದಲ್ಲಿ ಹಳಬನ ಹೆಸರೇ, ಹಾಜರಿಯೂ ಅವನದೇ. ಬರುವಾಗ ಜಾಗ ಹಾಗೇ ಇರಬೇಕಲ್ಲ. ಇದು ಮಾಲೀಕನಿಗೂ ಗೊತ್ತು, ಮ್ಯಾನೇಜರಿಗೂ ಗೊತ್ತು, ಅದೊಂದು ತಪ್ಪು ಅಂತ ಯಾರೂ ಅಂದುಕೊಂಡಿರಲಿಲ್ಲ. ಫೈಲು ತೆಗೆದು ಆ ಹಾಳೆ ನೋಡಿದೆ. ಇಡೀ ಜೂನ್ ತಿಂಗಳು ಸದಾನಂದನಿಗೆ ಒಂದೇ ಒಂದು ದಿನ ರಜೆಯಿಲ್ಲ. ಯಾವ ಮನುಷ್ಯ ಹಾಗೆ ಕೆಲಸ ಮಾಡುತ್ತಾನೆ? ಅದರ ಕೆಳಗೇ ನಾನು ಕೆಂಪು ಗೆರೆ ಎಳೆದು ಮೆರೆದಿದ್ದೆ. ನನ್ನ ಬುದ್ಧಿಗಿಷ್ಟು ಬೆಂಕಿ ಹಾಕ ಅಂತ ಅವ್ವನ ಧಾಟಿಯಲ್ಲೇ ಬೈದುಕೊಂಡೆ.

ಕೇಸು ಕರೆದರು. ನಾನು ಎದ್ದು, ಊಟದ ನಂತರ ತೆಗೆದುಕೊಳ್ಳಬೇಕು ಎಂದು ಕೇಳಿದೆ. ನಮ್ಮ ಮ್ಯಾಜಿಸ್ಟ್ರೇಟರು ಮಿತಭಾಷಿ. ಕನ್ನಡಕದ ಮೇಲಿಂದ ನೋಡಿ, ಆಗಲಿ ಎಂದರು.

ಆರೋಪಿಯ ಹತ್ತಿರ ನಾನು ಒಂಟಿಯಾಗಿ ಮಾತಾಡುವಂತಿಲ್ಲ, ಅದು ನಿಯಮ. ಅವನ ವಕೀಲನನ್ನೂ ಕರೆದೆ. ಅವನು ಹೋಟೆಲ್ ಮಾಲೀಕ ಭಾಸ್ಕರಣ್ಣನೇ ನೇಮಿಸಿಕೊಟ್ಟ ವಕೀಲ. "ಮ್ಯಾಡಮ್, ಜೀತಾ ಹುವಾ ಕೇಸ್ ಹೈ ಆಪ್‌ಕಾ. ಕ್ಯೋಂ ಖಾಲಿಪೀಲಿ?" ಎಂದ. ಗೆದ್ದ ಕೇಸನ್ನು ಸುಮ್ಮನೆ ಯಾಕೆ ಕೆದಕುತ್ತೀರಿ ಎಂಬ ಮಾತು. ಅವನಿಗೆ ಉತ್ತರ ಕೊಡದೆ ಸದಾನಂದನ ಕಡೆ ತಿರುಗಿದೆ.

"ನನ್ನ ಪ್ರಶ್ನೆಗೆ ನೀವು ಉತ್ತರ ಕೊಡಲೇಬೇಕು ಅಂತಿಲ್ಲ. ಆದರೆ ಒಂದು ಮಾತು ಹೇಳಿಬಿಡುತ್ತೇನೆ. ನೀವು ಇವತ್ತು ಒಪ್ಪಿಕೊಂಡರೆ ನಾನು ಕೇಳುವುದು ಜೈಲು. ಒಂದು ಹೆಂಗಸಿನ ಕೈ ಹೋಗಿದೆ. ದಂಡ ಕಟ್ಟಿ ಮನೆಗೆ ಹೋಗಿ ಅನ್ನುವ ಕೇಸಲ್ಲ ಇದು."

"ಗೊತ್ತುಂಟು ಮೇಡಮ್," ಅಂದ. "ಧಣಿಗಳು ಬರೀ ದಂಡ ಅಂತ ಹೇಳಿದ್ರು. ನನಗೆ ನಂಬಿಕೆ ಬರ್ಲಿಲ್ಲ. ಅದಕ್ಕೇ ಒಂದೆರಡು ಜೊತೆ ಬಟ್ಟೆ ತಂದದ್ದು."

ಚೀಲದೊಳಗೆ ಏನಿತ್ತೆಂದು ಆಗ ತಿಳಿಯಿತು. ನನಗೆ ಸಿಟ್ಟು ಬಂತು.

"ನೀವು ಆ ದಿನ ಅಲ್ಲಿ ಇರಲೇ ಇಲ್ಲವಂತಲ್ಲ?"

ವಕೀಲ ಕೈ ಅಡ್ಡ ಹಿಡಿದ. ಸದಾನಂದ ಆ ಕೈಯನ್ನು ಮೆಲ್ಲಗೆ ಸರಿಸಿದ.

"ಮಗಳನ್ನು ಉಡುಪಿಯಲ್ಲಿ ಕಾಲೇಜಿಗೆ ಸೇರಿಸ್ಲಿಕ್ಕೆ ಹೋಗಿದ್ದೆ. ಆದ್ರೆ ಪುಸ್ತಕದಲ್ಲಿ ಹೆಸರು ನನ್ನದಲ್ವಾ? ಬದಲಿ ನಿಂತವನ ಕೈಯಲ್ಲಿ ಎಂತ ಆದ್ರೂ ಅದು ಹೆಸರಿನವನ ತಲೆ ಮೇಲೆ. ನಮ್ಮಲ್ಲಿ ಅದು ಹಾಗೆಯೇ. ಅವನನ್ನು ನಿಲ್ಲಿಸಿದ್ದು ನಾನು."

"ಯಾರು ಅವನು?"

"ದಿವಾಕರ. ನನ್ನ ತಂಗಿಯ ಗಂಡ. ಅವನು ಒಳಗೆ ಹೋದ್ರೆ ತಂಗಿ ಮುಖಕ್ಕೆ ನಾನು ಹೇಗೆ ಮುಖ ಕೊಡುದು? ನೀವೇ ಹೇಳಿ."

"ಸದಾನಂದರೇ, ಒಲೆಯ ಮುಂದೆ ಬದಲಿ ನಡೆಯಬಹುದು. ಜೈಲಿಗೆ ಬದಲಿ ಇಲ್ಲ. ಕಾನೂನಿನಲ್ಲಿ ಅಂಥ ಹಾಜರಿ ಪುಸ್ತಕ ಇಲ್ಲ."

ಅವನು ಚೀಲದ ಹಿಡಿಯನ್ನು ಬೆರಳಿಗೆ ಸುತ್ತುತ್ತಾ ಕೂತ. ನನ್ನ ಮಾತು ಅವನೊಳಗೆ ಇಳಿಯಿತೋ ಇಲ್ಲವೋ ಗೊತ್ತಾಗಲಿಲ್ಲ.

ಊಟದ ಡಬ್ಬಿ ತೆಗೆಯುವಷ್ಟರಲ್ಲಿ ಭಾಸ್ಕರಣ್ಣ ಬಂದ. ವಕೀಲ ಫೋನು ಮಾಡಿರಬೇಕು. ನಮ್ಮ ಕಡೆಯ ಕನ್ನಡ ಸಂಘದಲ್ಲಿ ಅವನಿಗೆ ದೊಡ್ಡ ಹೆಸರು. ವೇದಿಕೆಯ ಮೇಲೆ ನನಗೆ ಶಾಲು ಹೊದಿಸಿದವನೇ ಅವನು, ನಮ್ಮ ಹುಡುಗಿ ಸರ್ಕಾರಿ ವಕೀಲೆ ಆದಳೆಂದು ಊರೆಲ್ಲ ಹೇಳಿಕೊಂಡು ತಿರುಗಿದವನು.

"ಶೈಲಕ್ಕ, ಎಂತ ಮಾರಾಯ್ರೆ ಇದು? ನಮ್ಮೊಳಗಿನ ವಿಷಯ. ಅವ ಒಪ್ಪಿಯಾಯ್ತು. ಅವನ ಮನೆ ನಾನು ನೋಡಿಕೊಳ್ತೇನೆ. ಯಾರಿಗೆ ತೊಂದರೆ ಈಗ?"

"ಒಳಗೆ ಹೋಗುವವನಿಗೆ."

"ಅವನೇ ಸುಮ್ಮನಿದ್ದಾನೆ, ನಿಮಗೆ ಎಂತ?"

ನನಗೆ ರೇಗಿತು. "ಭಾಸ್ಕರಣ್ಣ, ಆ ಒಲೆಯಲ್ಲಿ ಏನು ದೋಷ ಇತ್ತು?"

ಸುಮ್ಮನೆ ಎಸೆದ ಪ್ರಶ್ನೆ ಅದು. ನಿಜಕ್ಕೂ ನನಗೇನೂ ಗೊತ್ತಿರಲಿಲ್ಲ. ಹೊಸಬನೊಬ್ಬ ಮೂರನೇ ದಿನಕ್ಕೇ ಬೆಂಕಿ ಹತ್ತಿಸಬೇಕಾದರೆ ಹಳಬರಿಗೆ ಗೊತ್ತಿದ್ದು ಅವನಿಗೆ ಗೊತ್ತಿಲ್ಲದ್ದು ಏನೋ ಇರಬೇಕು ಎಂದಷ್ಟೇ ಹೊಳೆದಿತ್ತು. ಭಾಸ್ಕರಣ್ಣನ ಮುಖದ ಬಣ್ಣ ಇಳಿಯಿತು. "ಒಲೆಗೆ ಎಂತ ದೋಷ, ಎಲ್ಲ ಸರಿ ಉಂಟು," ಎಂದು ಎದ್ದೇ ಹೋದ. ಸಾಕಿತ್ತು ನನಗೆ. ಆ ದಿನ ಊಟ ಮಾಡಲಿಲ್ಲ, ಅರ್ಜಿ ಬರೆದೆ.

ಮಧ್ಯಾಹ್ನ ಮಳೆ ಎಷ್ಟು ಜೋರಾಗಿತ್ತೆಂದರೆ ಕೋರ್ಟಿನೊಳಗೆ ಕೂಗಿ ಮಾತಾಡಬೇಕಾಯಿತು. ಆರೋಪ ಓದಿದರು. ಸದಾನಂದ ಕೈಮುಗಿದು ಕಬೂಲ್ ಎಂದ. ಮ್ಯಾಜಿಸ್ಟ್ರೇಟರು ಪೆನ್ನು ಎತ್ತಿಕೊಂಡು, ಸರ್ಕಾರ ಏನು ಹೇಳುತ್ತದೆ ಎಂದು ರೂಢಿಯಂತೆ ಕೇಳಿದರು.

"ಸರ್ಕಾರದ ತಕರಾರು ಇದೆ," ಎಂದೆ.

ಹಿಂದಿನ ಸಾಲಿನ ವಕೀಲರು ನಕ್ಕರು. ಆರೋಪಿ ತಪ್ಪು ಒಪ್ಪುತ್ತಾನೆ, ಸರ್ಕಾರಿ ವಕೀಲೆ ಬೇಡ ಅನ್ನುತ್ತಾಳೆ! ಮ್ಯಾಜಿಸ್ಟ್ರೇಟರು ಪೆನ್ನು ಕೆಳಗಿಟ್ಟರು. ನಾನು ಅರ್ಜಿ ಕೊಟ್ಟೆ: ಗಾಯಗೊಂಡವಳೇ ಈತ ಸ್ಥಳದಲ್ಲಿರಲಿಲ್ಲ ಎನ್ನುತ್ತಾಳೆ, ಆದ್ದರಿಂದ ಈ ಒಪ್ಪಿಗೆಯನ್ನು ದಾಖಲಿಸಬಾರದು, ಮರು ತನಿಖೆ ಆಗಬೇಕು, ಮಾಲೀಕನ ವಕೀಲ ಈತನ ಪರ ನಿಲ್ಲುವುದೂ ಸರಿಯಲ್ಲ. ಹಾಜರಿ ಪುಸ್ತಕವನ್ನು ನಾನೂ ಕಣ್ಣುಮುಚ್ಚಿ ನಂಬಿದ್ದೆ ಎಂದು ಅದನ್ನೂ ಹೇಳಿದೆ. ಹೇಳಲು ಕಷ್ಟವಾಯಿತು, ಆದರೆ ಹೇಳಿದೆ.

ಮ್ಯಾಜಿಸ್ಟ್ರೇಟರು ಸದಾನಂದನನ್ನೇ ಹಿಂದಿಯಲ್ಲಿ ಕೇಳಿದರು: ಆ ದಿನ ಎಲ್ಲಿದ್ದೆ? ಅವನು ಮತ್ತೆ ಕೈಮುಗಿದು ಕಬೂಲ್ ಎಂದ. ಬಾಗಿಲ ಹತ್ತಿರ ನಿಂತಿದ್ದ ಮಹಾದೇವಿಗೆ ಹಿಂದಿ ಅರೆಬರೆ; ಆದರೂ ನಡೆಯುತ್ತಿರುವುದು ಅವಳಿಗೆ ತಿಳಿಯಿತು. ಪೇದೆ ಸುಮ್ಮನಿರು ಅಂದರೂ ಕೇಳದೆ ಅಲ್ಲಿಂದಲೇ ಕೂಗಿದಳು:

"ಸದಾನಂದಣ್ಣಾ, ಸುಟ್ಟದ್ದು ನನ್ನ ಕೈ! ನಿಮಗ ಜೈಲ್ ಆದ್ರ ನನಗೇನ್ ಸಿಕ್ಕಂಗಾತು? ಸುಳ್ಳ ಹೇಳಿ ನನ್ನ ಕೈ ಯಾಕ ಇನ್ನೊಮ್ಮೆ ಸುಡ್ತೀರಿ?"

ಏನಂದಳು ಎಂದು ಮ್ಯಾಜಿಸ್ಟ್ರೇಟರು ಕೇಳಿದರು. ನಾನು ಅನುವಾದಿಸಿದೆ. ಸದಾನಂದ ಅವಳ ಕೈಯನ್ನೇ ನೋಡುತ್ತಿದ್ದ. ವರ್ಷವಾಗಿದ್ದರೂ ಆ ಸುಟ್ಟ ಕೈಯನ್ನು ಅವನು ನೋಡಿದ್ದು ಅದೇ ಮೊದಲು. ಆಮೇಲೆ ಮ್ಯಾಜಿಸ್ಟ್ರೇಟರ ಕಡೆ ತಿರುಗಿ, "ಮೈ ಉಡುಪಿ ಮೇ ಥಾ, ಸಾಬ್," ಎಂದ.

ಒಪ್ಪಿಗೆ ದಾಖಲಾಗಲಿಲ್ಲ. ಮರು ತನಿಖೆಗೆ ಆದೇಶವಾಯಿತು. ಚೀಲ ಹಿಡಿದುಕೊಂಡೇ ಸದಾನಂದ ಮಳೆಯಲ್ಲಿ ರೈಲ್ವೆ ಸ್ಟೇಷನ್ನಿನ ಕಡೆ ನಡೆದ.

ತನಿಖೆ ಮಾಡಿದ್ದ ಸಬ್‌ಇನ್‌ಸ್ಪೆಕ್ಟರು ಮರುದಿನವೇ ಬಂದು ಮೇಜು ಗುದ್ದಿದ. "ಮ್ಯಾಡಮ್, ಆಪ್ ಹಮಾರೆ ತರಫ್ ಸೇ ಹೋ ಯಾ ಉಸ್ಕೇ?" ನಮ್ಮ ಕಡೆಯೋ ಅವನ ಕಡೆಯೋ ಎಂದು. ಎರಡೂ ಅಲ್ಲ, ಕೂತು ಚಹ ಕುಡಿ, ಎಂದೆ. ಕುಡಿದ. ಒಳ್ಳೆಯವನೇ, ಅವಸರದಲ್ಲಿ ಒಂದು ಪ್ರಶ್ನೆ ಕೇಳುವುದನ್ನು ಮರೆತಿದ್ದ, ಅಷ್ಟೆ. ಈ ಸಲ ಚೆನ್ನಾಗಿ ಕೆಲಸ ಮಾಡಿದ. ಕಾಲೇಜಿನಿಂದ ಪ್ರವೇಶದ ಅರ್ಜಿ ತರಿಸಿದ. ಬೆಂಕಿ ಬಿದ್ದ ದಿನದ ತಾರೀಕು, ತಂದೆಯ ಜಾಗದಲ್ಲಿ ಸದಾನಂದನ ಸಹಿ. ವಿಲೆ ಪಾರ್ಲೆಯ ಒಂದು ಕ್ಯಾಂಟೀನಿನಲ್ಲಿ ದಿವಾಕರ ಸಿಕ್ಕ. ಒಲೆಯ ಸಂಗತಿ ಆಗ ಹೊರಬಿತ್ತು. ಎರಡನೇ ಒಲೆಯ ತಿರುಗಣೆ ಮುಚ್ಚಿದರೂ ಗ್ಯಾಸು ನಿಲ್ಲುತ್ತಿರಲಿಲ್ಲ, ಸಿಲಿಂಡರಿನ ಹತ್ತಿರವೇ ಬಂದ್ ಮಾಡಬೇಕಿತ್ತು. ಹಳಬರಿಗೆಲ್ಲ ಗೊತ್ತಿತ್ತು. ದಿವಾಕರನಿಗೆ ಯಾರೂ ಹೇಳಿರಲಿಲ್ಲ. ಅದನ್ನು ಬದಲಾಯಿಸಿ ಎಂದು ಸದಾನಂದ ಮಾಲೀಕನಿಗೆ ಎಷ್ಟೋ ಸಲ ಹೇಳಿದ್ದ. ಪ್ರತಿಸಲವೂ "ನೋಡುವ" ಎಂಬ ಉತ್ತರ.

ಆ ನಡುವೆ ಸದಾನಂದನ ತಂಗಿ ನನ್ನ ಕೋಣೆಗೆ ಬಂದು ಬಾಯಿಗೆ ಬಂದ ಹಾಗೆ ಬೈದಳು. ಅಣ್ಣನನ್ನು ಉಳಿಸಿ ನನ್ನ ಗಂಡನನ್ನು ತೆಗೆದಿರಿ, ನಿಮಗೆ ಒಳ್ಳೇದಾಗ್ಲಿಕ್ಕಿಲ್ಲ ಎಂದಳು. ಅವಳನ್ನು ಕೂರಿಸಿ ನೀರು ಕೊಟ್ಟೆ. ದಿವಾಕರ ಆರೋಪಿಯೋ ಸಾಕ್ಷಿಯೋ ಎಂದು ಪೊಲೀಸರು ನನ್ನ ಅಭಿಪ್ರಾಯ ಕೇಳಿದ್ದರು. ಒಲೆಯ ದೋಷ ಗೊತ್ತಿಲ್ಲದೆ ಬದಲಿ ನಿಂತವನ ಮೇಲೆ ಹೊರೆ ಹಾಕಬೇಡಿ, ಸಾಕ್ಷಿ ಮಾಡಿ ಎಂದು ಎರಡು ಪುಟ ಬರೆದುಕೊಟ್ಟೆ. ಅದು ದಯೆಯಲ್ಲ, ನನ್ನ ಕೆಲಸ. ಅವಳು ಆಮೇಲೆ ಬರಲಿಲ್ಲ, ಬರಬೇಕಾಗಿಯೂ ಇರಲಿಲ್ಲ.

ಸಂಘದ ಗಣಪತಿ ಹಬ್ಬಕ್ಕೆ ಆ ವರ್ಷ ನನಗೆ ಆಮಂತ್ರಣ ಬರಲಿಲ್ಲ. "ಕರೀಲಾರದ ಮನಿಗೆ ಹೆಂಗ ಹೋಗ್ತಿ?" ಎಂದಳು ಅವ್ವ. ಗಣಪತಿ ಭಾಸ್ಕರಣ್ಣನ ಮನೆಯವನಲ್ಲ ಎಂದು ರೇಷ್ಮೆ ಸೀರೆ ಉಟ್ಟು ಹೋದೆ, ಮೊದಲ ಸಾಲಿನಲ್ಲೇ ಕೂತೆ. ಒಬ್ಬಿಬ್ಬರು ಮುಖ ತಿರುಗಿಸಿದರು. ಪ್ರಸಾದ ಮಾತ್ರ ಎಲ್ಲರಿಗೂ ಕೊಟ್ಟಷ್ಟೇ ಕೊಟ್ಟರು.

ಮಳೆ ಹಿಂದೆಗೆಯುವ ಹೊತ್ತಿಗೆ ಹೊಸ ಆರೋಪಪಟ್ಟಿ ಬಂತು. ಸದಾನಂದನನ್ನು ಕೇಸಿನಿಂದ ಬಿಡುಗಡೆ ಮಾಡಿದರು. ಮುಂದೆ ವಿಚಾರಣೆ ನಡೆದು ಭಾಸ್ಕರಣ್ಣನಿಗೆ ಶಿಕ್ಷೆಯೂ ಆಯಿತು, ಮೇಲಿನ ಕೋರ್ಟಿಗೂ ಹೋಯಿತು. ಅದಕ್ಕೆ ವರ್ಷಗಳೇ ಹಿಡಿದವು. ನನಗೆ ಉಳಿದಿರುವುದು ಆರೋಪಪಟ್ಟಿ ಬಂದ ದಿನ. ಮಹಾದೇವಿಗೆ ಹೇಳಿ ಕಳಿಸಿದೆ. ಬಂದಳು, ಈ ಸಲ ಕೂಡ್ರಿ ಅನ್ನುವ ಮೊದಲೇ ಕೂತಳು.

"ಓದ್ರೀ ಬಾಯಿ. ಹೆಸರ ಏನ್ ಬರದಾರ ಓದ್ರಿ."

ಭಾಸ್ಕರಣ್ಣನ ಹೆಸರು, ಅವನ ತಂದೆಯ ಹೆಸರು, ಉದ್ಯೋಗ, ವಿಳಾಸ ಎಲ್ಲ ಓದಿದೆ. ಎಲ್ಲೈತಿ ತೋರಿಸ್ರಿ ಎಂದಳು. ತೋರಿಸಿದೆ. ಅಕ್ಷರ ಬಾರದ ಅವಳು ಮಡಚಿದ ಬೆರಳನ್ನು ಆ ಸಾಲಿನ ಮೇಲೆ ಊರಿದಳು.

"ಮದಲ ಇಲ್ಲೆ ಸದಾನಂದಣ್ಣನ ಹೆಸರಿತ್ತೇನ್ರಿ?"

"ಇತ್ತು. ಈಗ ಅದು ಸಾಕ್ಷಿಗಳ ಪಟ್ಟಿಯೊಳಗ ಐತಿ. ನಿಮ್ಮ ಹೆಸರಿನ ಕೆಳಗ."

"ನನ್ನ ಹೆಸರ ಮ್ಯಾಲ ಐತೇನ್ರಿ?"

"ಎಲ್ಲಾರಕಿಂತ ಮ್ಯಾಲ. ಕೋರ್ಟಿನ್ಯಾಗ ಮದಲ ನಿಮ್ಮನ್ನ ಕೇಳ್ತೀನಿ. ಯಾರಿದ್ರು, ಏನಾತು, ಎಲ್ಲಾ."

ಮಹಾದೇವಿ ಸೆರಗು ಸರಿಮಾಡಿಕೊಂಡಳು, ಅಲ್ಲೇ ಕಟಕಟೆ ಹತ್ತುವವಳ ಹಾಗೆ ಬೆನ್ನು ನೆಟ್ಟಗೆ ಮಾಡಿದಳು.

"ಕೇಳ್ರಿ," ಎಂದಳು. "ವರ್ಷಾತು ಕಾಯಾಕತ್ತಿ. ಯಾರೂ ಕೇಳಲಿಲ್ಲ."